ಕಾರಿನೊಳಗೆ ಹೊತ್ತಿದ ಕೆಂಪು ಗಿಂಡಿ

ಭಜನಾ ಮಂಡಳಿಯ ಅಕ್ಕತಂಗಿಯರಿಗೂ ಅಣ್ಣತಮ್ಮಂದಿರಿಗೂ ಹೇರೋಹಳ್ಳಿಯ ಗೌರಮ್ಮನ ಶರಣುಗಳು.

ಹೋದ ತಿಂಗಳ ನಮ್ಮ ಪತ್ರಿಕೆಯಲ್ಲಿ ‘ಸ್ವಾಮಿಯ ಕೃಪೆಯಿಂದ ಆರಿದ ಅಪಾಯದ ದೀಪ’ ಎಂದು ನನ್ನ ಹೆಸರಿನಲ್ಲಿ ಒಂದು ಅನುಭವ ಬಂದಿತ್ತು. ಓದಿದವರು ಫೋನ್ ಮಾಡಿ, “ಪುಣ್ಯವಂತೆ ಕಣಮ್ಮ ನೀನು” ಎಂದು ಹೊಗಳಿದಿರಿ. ಅದನ್ನು ನಾನು ಬರೆದಿರಲಿಲ್ಲ. ಸೋಮವಾರದ ಭಜನೆ ಮುಗಿದ ಮೇಲೆ ನಾನಾಡಿದ ನಾಲ್ಕು ಮಾತಿಗೆ ನಮ್ಮ ಕಾರ್ಯದರ್ಶಿ ರುದ್ರಮೂರ್ತಿಯವರು ಚೆನ್ನಾಗಿ ಒಗ್ಗರಣೆ ಹಾಕಿ, ನನ್ನನ್ನು ಒಂದು ಮಾತೂ ಕೇಳದೆ ಅಚ್ಚು ಹಾಕಿಸಿಬಿಟ್ಟಿದ್ದರು. ಆ ಪವಾಡ ನಡೆದೇ ಇಲ್ಲ. ನಡೆದದ್ದು ಬೇರೆ. ಅದನ್ನು ನಡೆಸಿದವನು ಮಾತ್ರ ನಮ್ಮ ವೀರಭದ್ರಸ್ವಾಮಿಯೇ, ಅದರಲ್ಲಿ ನನಗೆ ಅನುಮಾನವಿಲ್ಲ. ನನಗೆ ಸಿಹಿಯಾಗಿ ಮಾತಾಡಲು ಬರುವುದಿಲ್ಲ, ಹೊಟ್ಟೆಯೊಳಗಿನ ಉರಿಯೂ ಇನ್ನೂ ಆರಿಲ್ಲ. ಬರೆದದ್ದು ಖಾರವಾಗಿದ್ದರೆ ಸಹಿಸಿಕೊಳ್ಳಿ.

ನಮ್ಮ ಯಜಮಾನರನ್ನು ನೀವೆಲ್ಲ ನೋಡಿದ್ದೀರಿ. ಭಜನೆಯಲ್ಲಿ ತಾಳ ಹಿಡಿದು ಮುಂದಿನ ಸಾಲಿನಲ್ಲಿ ಕೂರುತ್ತಿದ್ದ ಮನುಷ್ಯ. ಎರಡೂ ಕಿಡ್ನಿ ಕೈಕೊಟ್ಟ ಮೇಲೆ ವಾರಕ್ಕೆ ಮೂರು ಸಲ ರಾಜಾಜಿನಗರದ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಮೊದಮೊದಲು ಬಸ್ಸಿನಲ್ಲೇ ಕರೆದುಕೊಂಡು ಹೋಗುತ್ತಿದ್ದೆ. ಒಂದು ದಿನ ಕಾಮಾಕ್ಷಿಪಾಳ್ಯದಲ್ಲಿ ಇಳಿಯುವಾಗ ಮೆಟ್ಟಿಲ ಮೇಲೆಯೇ ಕಾಲು ಸೋತು ಕುಸಿದರು. ಹಿಂದಿನವರು “ಬೇಗ ಇಳೀರಿ ಸಾರ್” ಎಂದು ಕೂಗುತ್ತಿದ್ದರು, ಇವರು ಕಂಬಿ ಹಿಡಿದುಕೊಂಡು ಚಿಕ್ಕ ಮಗುವಿನಂತೆ ನನ್ನ ಮುಖ ನೋಡುತ್ತಿದ್ದರು. ಅವತ್ತೇ ತೀರ್ಮಾನ ಮಾಡಿದೆ. ಯಾರೋ ಓಡಿಸಿ ಬಿಟ್ಟ ಹಳೇ ಕಾರೊಂದನ್ನು ಕೊಂಡೆವು. ಐವತ್ತು ದಾಟಿದ ನಾನು ಡ್ರೈವಿಂಗ್ ಸ್ಕೂಲಿಗೆ ಸೇರಿದೆ. ಬೀದಿಯವರೆಲ್ಲ ನಕ್ಕರು, ನಗಲಿ. ಕ್ಲಚ್ಚು ಬಿಡುವುದು ಕಲಿತೆ, ಲೈಸೆನ್ಸ್ ತೆಗೆದುಕೊಂಡೆ. ಆ ಕಾರು ಹಾಳಾದರೆ ಇನ್ನೊಂದು ನಮ್ಮಿಂದಾಗದು. ಕಾರಿಲ್ಲದಿದ್ದರೆ ಡಯಾಲಿಸಿಸ್ ತಪ್ಪುತ್ತದೆ. ಡಯಾಲಿಸಿಸ್ ತಪ್ಪಿದರೆ ಏನಾಗುತ್ತದೆಂದು ನಾನು ಬರೆಯಬೇಕಿಲ್ಲ.

ಆಯುಧಪೂಜೆಗೆ ನಮ್ಮ ಮಂಡಳಿ ದೇವಸ್ಥಾನದ ಮುಂದಿನ ಮೈದಾನದಲ್ಲಿ ಎಲ್ಲರ ವಾಹನಗಳಿಗೂ ಒಟ್ಟಿಗೆ ಪೂಜೆ ಇಟ್ಟುಕೊಂಡಿದ್ದು ನಿಮಗೆ ನೆನಪಿದೆಯಲ್ಲ. ಎಲ್ಲ ಕಡೆಯೂ ಬಾನೆಟ್ ಮುಚ್ಚಿ, ಮೇಲೆ ಕುಂಕುಮ ಹಚ್ಚಿ ಹಾರ ಹಾಕುತ್ತಾರೆ. ನಮ್ಮ ರುದ್ರಮೂರ್ತಿಯವರಿಗೆ ಅದು ಸಾಲಲಿಲ್ಲ. ಮೈಕ್ ಹಿಡಿದು, “ಆಯುಧ ಅಂದ್ರೆ ಎಂಜಿನ್ನು. ಎಂಜಿನ್‌ಗೆ ಪೂಜೆ ಮಾಡ್ದೆ ಬರೀ ತಗಡಿಗೆ ಕುಂಕುಮ ಇಟ್ರೆ ಏನ್ ಬಂತು? ಎಲ್ರೂ ಬಾನೆಟ್ ಎತ್ರಪ್ಪಾ” ಎಂದರು. ಸಾಲಾಗಿ ನಿಂತ ಕಾರುಗಳೆಲ್ಲ ಬಾಯಿ ತೆರೆದುಕೊಂಡವು.

ನಮ್ಮ ಮಂಡಳಿಯ ಮೆಕ್ಯಾನಿಕ್ ಬಸವರಾಜು ಅವತ್ತು ಭಕ್ತರ ಗಾಡಿಗಳಿಗೆ ಸೇವೆ ಎಂದು ಪ್ರತಿ ಎಂಜಿನ್ನಿನ ಎಣ್ಣೆ ನೋಡಿ, ಕಡಿಮೆಯಿದ್ದರೆ ತುಂಬುತ್ತಿದ್ದ. ಹಣೆ ತುಂಬ ವಿಭೂತಿ, ಬಾಯಲ್ಲಿ ಶಿವನಾಮ. ನಮ್ಮ ಕಾರಿಗೆ ಎಣ್ಣೆ ಹಾಕಿ ಇನ್ನೂ ಮುಚ್ಚಳ ಹಾಕಿರಲಿಲ್ಲ, ಅಷ್ಟರಲ್ಲಿ ಮಂಗಳಾರತಿಯ ಗಂಟೆ ಮೊಳಗಿತು. ಅವನು ಕೈ ಮುಗಿದುಕೊಂಡು ನಿಂತ. ಪೂಜಾರಿಗಳು ಸಾಲಿನುದ್ದಕ್ಕೂ ಎಂಜಿನ್ನುಗಳ ಮೇಲೆ ಚೆಂಡು ಹೂವಿನ ಎಸಳು ಎರಚುತ್ತಾ ಬಂದರು. ನಾನೂ ಬೊಗಸೆ ತುಂಬ ಎರಚಿದೆ. ಹರಿದ ಹಾರದ ಎಳೆಯೊಂದೂ ಅದರ ಜೊತೆ ಬಿತ್ತು. ಆಮೇಲೆ ಅವನು ಬಂದು ಮುಚ್ಚಳ ತಿರುಗಿಸಿ, ಬಾನೆಟ್ ಇಳಿಸಿ, “ಆಯ್ತಕ್ಕಾ, ಈ ವರ್ಷ ನಿಮ್ ಗಾಡಿಗೆ ಯಾವ ತೊಂದ್ರೆನೂ ಇಲ್ಲ” ಎಂದ. ನಾಲಿಗೆಗೆ ಮೂಳೆಯಿಲ್ಲ, ಏನು ಬೇಕಾದರೂ ಹೇಳುತ್ತದೆ.

ಹಬ್ಬ ಕಳೆದು ಸ್ವಲ್ಪ ದಿನಕ್ಕೆ ಸುಂಕದಕಟ್ಟೆ ಸಿಗ್ನಲ್‌ನಲ್ಲಿ ನಿಂತಿದ್ದಾಗ ಸ್ಟಿಯರಿಂಗಿನ ಹಿಂದೆ ಒಂದು ಕೆಂಪು ದೀಪ ಮಿಣುಕಿತು. ಎಣ್ಣೆ ಗಿಂಡಿಯಂಥ ಚಿತ್ರ, ಮೂತಿಯಲ್ಲಿ ಒಂದು ತೊಟ್ಟು. ಎಂಜಿನ್ನಿನೊಳಗೆ ಎಣ್ಣೆ ಒತ್ತಡದಿಂದ ಹರಿಯುತ್ತಿಲ್ಲ ಎಂದು ಅದರ ಅರ್ಥ. ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಆ ಗಿಂಡಿಯನ್ನು ಬೆರಳಿಟ್ಟು ತೋರಿಸಿ, “ಇದೊಂದು ಹತ್ತಿದ್ರೆ ಮಾತ್ರ ಮುಂದಕ್ಕೆ ಹೋಗ್ಬೇಡಿ ಅಮ್ಮಾ. ಗಾಡಿ ಸೈಡಿಗೆ ಹಾಕಿ, ಆಫ್ ಮಾಡಿ” ಎಂದಿದ್ದರು. ಸೈಡಿಗೆ ಹಾಕಿ ಆಫ್ ಮಾಡಿದೆ. ಬಾನೆಟ್ ಎತ್ತಿ ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿದರೆ ಎಣ್ಣೆ ಭರ್ತಿ ಇದೆ. ದಿಕ್ಕು ತೋಚದೆ ಒಳಗೆ ಕೂತು ಓಂ ನಮಃ ಶಿವಾಯ ಎಂದು ಜಪ ಮಾಡಿದೆ. ಮತ್ತೆ ಸ್ಟಾರ್ಟ್ ಮಾಡಿದರೆ ದೀಪ ಇಲ್ಲ!

ಹಿಂದಿನ ಸೀಟಿನಲ್ಲಿದ್ದ ಯಜಮಾನರು, “ಏನಾಯ್ತೇ?” ಎಂದರು.

“ಏನಿಲ್ಲ, ಸ್ವಾಮಿ ಇದಾನೆ” ಎಂದೆ.

ಹೀಗೇ ನಡೆಯಿತು. ಗಾಡಿ ಬಿಸಿಯಾಗಿ ಸಿಗ್ನಲ್‌ನಲ್ಲಿ ನಿಂತಾಗ ಗಿಂಡಿ ಹೊತ್ತುವುದು, ನಾನು ಆಫ್ ಮಾಡಿ ಜಪಿಸುವುದು, ಮತ್ತೆ ಸ್ಟಾರ್ಟ್ ಮಾಡಿದರೆ ಆರಿರುವುದು. ಜಪದಿಂದಲೇ ಆರುತ್ತಿದೆ ಎಂದು ನಂಬಿದ್ದೆ. ಆದರೂ ಭಯ ಹೋಗಲಿಲ್ಲ. ಒಂದು ಸೋಮವಾರ ಸ್ವಾಮಿಯ ಮುಂದೆ ನಿಂತು ಸೆರಗೊಡ್ಡಿ ಬೇಡಿಕೊಂಡೆ. “ಅಪ್ಪಾ, ಆ ಕೆಂಪು ದೀಪ ಇನ್ಮೇಲೆ ಹತ್ತದ ಹಾಗೆ ಮಾಡು. ಕಾರ್ತಿಕದಲ್ಲಿ ನಿನ್ನ ಗುಡಿ ತುಂಬ ಎಣ್ಣೆ ದೀಪ ಹಚ್ಚಿಸ್ತೀನಿ.”

ಪಕ್ಕದಲ್ಲಿದ್ದ ಬಸವರಾಜು ಕೇಳಿಸಿಕೊಂಡ. “ಯಾವ್ ದೀಪ ಅಕ್ಕಾ? ಗಿಂಡಿದಾ? ಅಯ್ಯೋ, ಸೆನ್ಸರ್ ಹೋಗಿರುತ್ತೆ. ಕೀ ಕೊಡಿ” ಎಂದ. ನಾನು ಪ್ರಸಾದ ತಿಂದು ಕೈ ತೊಳೆಯುವಷ್ಟರಲ್ಲಿ ವಾಪಸ್ಸು ಬಂದ. “ಆಯ್ತು ಹೋಗಿ. ಇನ್ ಹತ್ತಲ್ಲ.”

ಹತ್ತಲಿಲ್ಲ. ಸಿಗ್ನಲ್‌ನಲ್ಲಿ ನಿಂತರೂ ಇಲ್ಲ, ಮಾಗಡಿ ರಸ್ತೆಯ ಜಾಮಿನಲ್ಲಿ ಬೆಂದರೂ ಇಲ್ಲ. ನನಗೆ ಆನೆ ಬಲ ಬಂತು. ಮುಂದಿನ ಭಜನೆಯಲ್ಲಿ ಎದ್ದು ನಿಂತು ಹೇಳಿದೆ: ನಾನು ಬೇಡಿದೆ, ಬಸವರಾಜು ಕೈಯಲ್ಲಿ ಸ್ವಾಮಿ ಮಾಡಿಸಿದ, ದೀಪ ಆರಿತು. ಪತ್ರಿಕೆಗೆ ಬರುವಷ್ಟರಲ್ಲಿ ರುದ್ರಮೂರ್ತಿಯವರು ಬಸವರಾಜುವನ್ನೂ ತೆಗೆದುಹಾಕಿ, ಯಾರೂ ಮುಟ್ಟದೆ ತಾನೇ ಆರಿತು ಎಂದು ಮಾಡಿದ್ದರು. ಅದನ್ನು ಮೈಕಿನಲ್ಲಿ ಓದಿದಾಗ ಬಸವರಾಜು ಮುಂದೆಯೇ ಕೂತಿದ್ದ. ಕೈ ಮುಗಿದ. ತುಟಿ ಬಿಚ್ಚಲಿಲ್ಲ.

ಇನ್ನು ಸ್ವಾಮಿಯ ಕೃಪೆ ಎಲ್ಲಿ ಸಿಕ್ಕಿತೆಂದು ಹೇಳುತ್ತೇನೆ. ಗುಡಿಯಲ್ಲಿ ಸಿಗಲಿಲ್ಲ, ಡಯಾಲಿಸಿಸ್ ವಾರ್ಡಿನಲ್ಲಿ ಸಿಕ್ಕಿತು.

ದೀಪಾವಳಿ ಮುಗಿದ ವಾರ. ಯಜಮಾನರು ಮಲಗಿದ್ದರು, ರಕ್ತ ಟ್ಯೂಬಿನಲ್ಲಿ ಹೋಗಿ ಬರುತ್ತಿತ್ತು. ಇದ್ದಕ್ಕಿದ್ದಂತೆ ಮೆಷಿನ್ನು ಕೀ ಕೀ ಎಂದು ಕೂಗತೊಡಗಿತು, ಮೇಲೆ ಕೆಂಪು ದೀಪ. ನಿದ್ದೆ ಮಾಡುತ್ತಿದ್ದವರು ಬೆಚ್ಚಿದರು. ನರ್ಸುಗಳು ಒಂದು ಗುಂಡಿ ಒತ್ತಿ ಸದ್ದು ನಿಲ್ಲಿಸುವುದನ್ನು ನಾನು ಎಷ್ಟೋ ಸಲ ನೋಡಿದ್ದೆ. ದೊಡ್ಡ ಜಾಣೆಯಂತೆ ಕೈ ಚಾಚಿದೆ.

“ಮುಟ್ಬೇಡಿ ಆಂಟಿ!” ನರ್ಸ್ ರೇಖಾ ಆ ಕಡೆಯಿಂದ ಓಡಿ ಬಂದಳು. ಯಾವಾಗಲೂ ನಗುನಗುತ್ತಾ ಮಾತಾಡುವ ಹುಡುಗಿ, ಅವತ್ತು ನನ್ನ ಕೈಯನ್ನು ಪಕ್ಕಕ್ಕೆ ತಳ್ಳಿದಳು. ಹೊದಿಕೆ ಎತ್ತಿದಳು. ಯಜಮಾನರು ನಿದ್ದೆಯಲ್ಲಿ ಮೊಣಕೈ ಮಡಿಸಿದ್ದರು, ಟ್ಯೂಬು ಅದರ ಕೆಳಗೆ ಸಿಕ್ಕಿ ಮಡಚಿಕೊಂಡಿತ್ತು. ಕೈ ನೆಟ್ಟಗೆ ಮಾಡಿ ಟ್ಯೂಬು ಸರಿಪಡಿಸಿದಳು. ಆಮೇಲೆ ಗುಂಡಿ ಒತ್ತಿದಳು.

“ಪ್ರೆಷರ್ ಹೆಚ್ಚುಕಮ್ಮಿ ಆದ್ರೆನೇ ಇದು ಕೂಗೋದು. ನೀವು ಸೌಂಡ್ ಆಫ್ ಮಾಡಿದ್ರೆ ಸೌಂಡ್ ಹೋಗುತ್ತೆ ಅಷ್ಟೇ. ಟ್ಯೂಬ್ ನೆಟ್ಟಗಾಗುತ್ತಾ? ಯಾಕ್ ಕೂಗ್ತು ಅಂತ ಮೊದ್ಲು ನೋಡ್ಬೇಕು ಆಂಟಿ” ಎಂದಳು.

ಅಷ್ಟು ಹೇಳಿ ಅವಳು ಬೇರೆ ಹಾಸಿಗೆಗೆ ಹೋದಳು. ನಾನು ಸ್ಟೂಲಿನ ಮೇಲೆ ಕೂತವಳು ಏಳಲಿಲ್ಲ. ಅವಳು ಮೆಷಿನ್ನಿನ ಮಾತಾಡಿದ್ದಳು, ನನಗೆ ಕಾರಿನ ಗಿಂಡಿ ಕಣ್ಣ ಮುಂದೆ ಬಂತು. ಅದೂ ಪ್ರೆಷರ್ ದೀಪವೇ. ಅದು ಆರಲಿ ಎಂದು ಬೇಡಿಕೊಂಡೆನೇ ಹೊರತು ಯಾಕೆ ಹೊತ್ತಿತು ಎಂದು ಯಾರನ್ನೂ ಕೇಳಿರಲಿಲ್ಲ.

ಡಯಾಲಿಸಿಸ್ ಮುಗಿದ ಮೇಲೆ ಯಜಮಾನರನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಕೀ ತಿರುಗಿಸಿದೆ. ಸ್ಟಾರ್ಟ್ ಮಾಡಲಿಲ್ಲ, ಸುಮ್ಮನೆ ತಿರುಗಿಸಿ ಬಿಟ್ಟೆ. ಆಗ ಎಲ್ಲ ದೀಪಗಳೂ ಒಮ್ಮೆ ಹೊತ್ತಿ, ನಾವು ಬದುಕಿದ್ದೇವೆ ಎಂದು ತೋರಿಸಿಕೊಳ್ಳಬೇಕು. ಎಂಜಿನ್ ಓಡಿದ ಮೇಲೆ ಆರಬೇಕು. ಅದೂ ಆ ಮೇಷ್ಟ್ರು ಹೇಳಿಕೊಟ್ಟದ್ದೇ. ಬ್ಯಾಟರಿಯದು ಹೊತ್ತಿತು. ಹ್ಯಾಂಡ್‌ಬ್ರೇಕಿನದು ಹೊತ್ತಿತು. ಗಿಂಡಿ ಇರಬೇಕಾದ ಜಾಗದಲ್ಲಿ ಕತ್ತಲೆ. ದಿನಾ ದೇವರ ಮುಂದೆ ದೀಪ ಹಚ್ಚುವವಳು ನಾನು, ಒಂದು ಕಡಿಮೆಯಿದ್ದರೆ ಕಾಣುವುದಿಲ್ಲವೇ? ಇಷ್ಟು ದಿನ ಕಂಡಿರಲಿಲ್ಲ. ಪವಾಡ ಆಗಿದೆ ಎಂದುಕೊಂಡವರು ನೋಡುವುದನ್ನು ಬಿಟ್ಟುಬಿಡುತ್ತಾರೆ.

ಅಲ್ಲಿಂದಲೇ ಬಸವರಾಜುಗೆ ಫೋನ್ ಹಚ್ಚಿದೆ. “ಆ ಗಿಂಡಿಗೆ ಏನ್ ಮಾಡ್ದೆಯೋ ನೀನು?”

“ವೈರ್ ಬಿಚ್ಚಿ ಟೇಪ್ ಸುತ್ತಿದೀನಿ ಅಕ್ಕಾ. ಏನಾಗಲ್ಲ, ಓಡ್ಸಿ.”

“ವೈರ್ ಬಿಚ್ಚಿದ್ಯಾ? ಎಣ್ಣೆ ಪ್ರೆಷರ್ ಇದೆಯೋ ಇಲ್ವೋ ನೋಡಿದ್ಯೇನೋ?”

“ನೀವು ಕೇಳಿದ್ದು ದೀಪ ಹತ್ತಬಾರದು ಅಂತ ಅಲ್ವಾ ಅಕ್ಕಾ?” ಎಂದ. ಹೊಟ್ಟೆಗೆ ಹಾಕಿಕೊಳ್ಳಲು ಆಗದ ಮಾತು. ಯಾಕೆಂದರೆ ನಿಜ.

ಕಾರನ್ನು ಅಲ್ಲೇ ಬಿಟ್ಟೆ. ಆಟೋದವರು ಹೇರೋಹಳ್ಳಿ ಎಂದ ಕೂಡಲೇ ಮುಖ ತಿರುಗಿಸಿ ಹೋದರು. ಮೊಬೈಲಿನಲ್ಲಿ ಬುಕ್ ಮಾಡಿದ ಗಾಡಿ ಬರುತ್ತೇನೆ ಬರುತ್ತೇನೆ ಎಂದು ಕ್ಯಾನ್ಸಲ್ ಆಯಿತು. ಡಯಾಲಿಸಿಸ್ ಆದ ಮೇಲೆ ಅವರಿಗೆ ನಿಲ್ಲುವುದಕ್ಕೇ ತ್ರಾಣ ಇರುವುದಿಲ್ಲ. ಕೊನೆಗೆ ಬಸ್ಸು. ಯಾವ ಬಸ್ಸಿನಿಂದ ತಪ್ಪಿಸಲು ನಾನು ಕಾರು ಕಲಿತೆನೋ ಅದೇ ಬಸ್ಸಿನ ಮೆಟ್ಟಿಲ ಮೇಲೆ ಅವರನ್ನು ಕಂಕುಳಿಗೆ ಕೈ ಕೊಟ್ಟು ಎತ್ತಿದೆ. ಯಾರೋ ಕಾಲೇಜು ಹುಡುಗಿ ಎದ್ದು ಸೀಟು ಕೊಟ್ಟಳು. ಸೂಜಿ ಚುಚ್ಚಿದ ಜಾಗದ ಬಟ್ಟೆಯ ಮೇಲೆ ರಕ್ತ ಮೂಡಿತು. ನಾನು ಅದನ್ನು ಒತ್ತಿ ಹಿಡಿದುಕೊಂಡು ನಿಂತೆ. ಅಳು ಬಂತು. ಸ್ವಾಮಿಯ ಮೇಲೆ ಬಂದಷ್ಟು ಸಿಟ್ಟು ನನಗೆ ಯಾರ ಮೇಲೂ ಬಂದಿಲ್ಲ. “ಏನು ಮಾಡಿದ್ದೆ ನಿನಗೆ? ಪೂಜೆ ಮಾಡಿದ್ದೇ ತಪ್ಪಾ?” ಎಂದು ಮನಸ್ಸಿನಲ್ಲೇ ಬೈದೆ. ಬಾಯಿಗೆ ಬಂದದ್ದನ್ನೆಲ್ಲ ಬೈದೆ.

ಬಸ್ಸು ಕಾಮಾಕ್ಷಿಪಾಳ್ಯ ದಾಟಿತು. ಯಜಮಾನರು ಕಣ್ಣು ಮುಚ್ಚಿಕೊಂಡೇ, “ಆ ದೀಪ ಹತ್ತುತ್ತಿದ್ದಾಗ ನೀನು ಗಾಡಿ ನಿಲ್ಲಿಸ್ತಿದ್ದೆ” ಎಂದರು.

“ಹೂಂ.”

“ಆರಿದ್ಮೇಲೆ ನಿಲ್ಲಿಸ್ಲೇ ಇಲ್ಲ.”

ಸ್ವಾಮಿಯನ್ನು ಬೈಯುವುದು ಅಲ್ಲಿಗೆ ನಿಂತಿತು.

ಮರುದಿನ ಕಾರನ್ನು ಎಳೆಸಿಕೊಂಡು ವಿಜಯನಗರದ ಒಂದು ಗ್ಯಾರೇಜಿಗೆ ಹೋದೆ. ಮಾಲೀಕ ಪ್ರಕಾಶ್ ಎನ್ನುವವನು ಮೊಬೈಲಿನಿಂದ ಕಣ್ಣೆತ್ತದೆ, “ಸೆನ್ಸರ್ ಚೇಂಜ್ ಮಾಡಿದ್ರೆ ಸರಿಹೋಗುತ್ತೆ ಅಮ್ಮಾ” ಎಂದ. ನನಗೆ ಸಿಟ್ಟು ನೆತ್ತಿಗೇರಿತು.

“ನೋಡಪ್ಪಾ, ಈ ಸೆನ್ಸರ್ ಕಥೆ ಕೇಳಿ ಕೇಳಿ ನನಗೆ ಸಾಕಾಗಿದೆ. ಒಳಗಡೆ ಪ್ರೆಷರ್ ಎಷ್ಟಿದೆ ಅಂತ ಅಳೆಯೋಕೆ ಬರುತ್ತೋ ಇಲ್ವೋ ಹೇಳು. ಬರಲ್ಲ ಅಂದ್ರೆ ಬೇರೆ ಕಡೆ ಹೋಗ್ತೀನಿ. ಈ ಗಾಡಿಲಿ ನನ್ನ ಗಂಡನ ಜೀವ ಓಡಾಡುತ್ತೆ.”

ಅವನು ಗೊಣಗುತ್ತಲೇ ಎದ್ದ. ಸೆನ್ಸರ್ ಬಿಚ್ಚಿ ಆ ಜಾಗಕ್ಕೆ ಗಡಿಯಾರದಂಥ ಮೀಟರೊಂದನ್ನು ಸಿಕ್ಕಿಸಿ ಎಂಜಿನ್ ಓಡಿಸಿದ. ಮೊದಲು ಮುಳ್ಳು ಎತ್ತರದಲ್ಲಿ ನಿಂತಿತು. “ನೋಡಿ, ಚೆನ್ನಾಗಿದೆ” ಎಂದ. “ಬಿಸಿ ಆಗ್ಲಿ ತಾಳು” ಎಂದೆ. ಬಿಸಿಯಾಗುತ್ತಾ ಬಂದಂತೆ ಮುಳ್ಳು ಇಳಿಯಿತು, ಇಳಿಯಿತು, ತಳಕ್ಕೆ ಬಂದು ನಡುಗಿತು. ಅವನು ಗಾಬರಿಯಾಗಿ ಆಫ್ ಮಾಡಿದ. ಅಂದರೆ ಸೆನ್ಸರ್ ಮೊದಲಿನಿಂದಲೂ ನಿಜ ಹೇಳುತ್ತಿತ್ತು. ಎಲ್ಲರೂ ಸೇರಿ ಅದರ ಬಾಯಿ ಮುಚ್ಚಿಸಿದ್ದೆವು.

ಗಾಡಿಯನ್ನು ಮೇಲಕ್ಕೆತ್ತಿ ಎಣ್ಣೆ ಬಸಿದು, ಎಂಜಿನ್ನಿನ ತಳದ ತಟ್ಟೆ ಬಿಚ್ಚಿದರು. ಅಲ್ಲಿ ಎಣ್ಣೆಯನ್ನು ಮೇಲಕ್ಕೆ ಹೀರುವ ಕೊಳವೆಯ ಬಾಯಿಗೆ ಟೀ ಸೋಸುವ ಜಾಲರಿಯಂಥದ್ದೊಂದು ಇರುತ್ತದೆ. ಅದರ ತುಂಬ ಏನೋ ಕಪ್ಪಗೆ ಮೆತ್ತಿಕೊಂಡಿತ್ತು. ಪ್ರಕಾಶ್ ಬೆರಳಿನಿಂದ ಕೆರೆದು ಕಾಗದದ ಮೇಲೆ ಹಾಕಿದ. ಬಿಡಿಸಿ ನೋಡಿದ. ಬೆಂದು ಕರಕಲಾದ ಚೆಂಡು ಹೂವಿನ ಎಸಳುಗಳು. ಜೊತೆಗೆ ಹಾರದ ದಾರ.

“ಯಾರಮ್ಮಾ ಎಂಜಿನ್ ಒಳಗಡೆಗೆ ಪೂಜೆ ಮಾಡಿದ್ದು?” ಎಂದು ಅವನು ಜೋರಾಗಿ ನಕ್ಕ. ನನ್ನ ಮುಖ ನೋಡಿ ನಗು ನಿಲ್ಲಿಸಿದ.

ಆಮೇಲೆ ಅವನೇ ಬಿಡಿಸಿ ಹೇಳಿದ. ಎಣ್ಣೆಯ ಮುಚ್ಚಳ ತೆರೆದಿದ್ದಾಗ ಹೂವು ಒಳಗೆ ಬಿದ್ದಿದೆ. ಗಾಡಿ ಓಡುವಾಗ ಪಂಪು ಹೀರುತ್ತದೆ, ಎಸಳು ಹೋಗಿ ಜಾಲರಿಗೆ ಅಂಟಿಕೊಳ್ಳುತ್ತದೆ, ಎಣ್ಣೆ ಮೇಲೇರುವುದಿಲ್ಲ, ದೀಪ ಹೊತ್ತುತ್ತದೆ. ಆಫ್ ಮಾಡಿದರೆ ಹೀರುವುದು ನಿಂತು ಎಸಳು ಕಳಚಿ ಬೀಳುತ್ತದೆ, ಮತ್ತೆ ಸ್ಟಾರ್ಟ್ ಮಾಡಿದರೆ ದೀಪ ಇರುವುದಿಲ್ಲ. ನನ್ನ ಜಪದ ಮಹಿಮೆ ಇಷ್ಟೇ. “ನೀವು ಹಾಗೆ ನಿಲ್ಲಿಸಿ ನಿಲ್ಲಿಸಿ ಓಡಿಸಿದ್ದಕ್ಕೆ ಆಗ ಉಳೀತು. ವೈರ್ ಬಿಚ್ಚಿದ್ಮೇಲೆ ಸೀದಾ ಓಡಿಸ್ತಾ ಇದ್ರಲ್ಲ, ಇನ್ನೊಂದಿಷ್ಟು ದಿನ ಹಾಗೇ ಬಿಟ್ಟಿದ್ರೆ ಎಂಜಿನ್ ಕಚ್ಕೊಂಡು ನಿಂತ್ಬಿಡೋದು. ಆಮೇಲೆ ಗುಜರಿಗೇ” ಎಂದ. ಒಳಗಿನ ಬೇರಿಂಗುಗಳನ್ನೂ ನೋಡಿದ. ಸವೆಯಲು ಶುರುವಾಗಿದ್ದವು, ಕೆಟ್ಟಿರಲಿಲ್ಲ. ಜಾಲರಿ ತೊಳೆದು, ಹೊಸ ಎಣ್ಣೆ, ಹೊಸ ಫಿಲ್ಟರ್ ಹಾಕಿ, ಬಸವರಾಜು ಬಿಚ್ಚಿದ್ದ ವೈರನ್ನು ಮತ್ತೆ ಸಿಕ್ಕಿಸಿದ. ಮೀಟರಿನ ಮುಳ್ಳು ಎಷ್ಟು ಬಿಸಿಯಾದರೂ ಇಳಿಯದೆ ನಿಂತದ್ದನ್ನು ನನ್ನ ಕಣ್ಣಾರೆ ನೋಡಿದ ಮೇಲೆಯೇ ಕೀ ಇಸಿದುಕೊಂಡೆ.

ಆ ಎಸಳುಗಳನ್ನು ಕಾಗದದಲ್ಲಿ ಕಟ್ಟಿ ಸೋಮವಾರದ ಭಜನೆಗೆ ತಂದೆ. ನಿಮ್ಮಲ್ಲಿ ಅನೇಕರು ಅವತ್ತು ಬಂದಿರಲಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹಾರ್ಮೋನಿಯಂ ಪಕ್ಕದಲ್ಲಿ ಬಿಚ್ಚಿಟ್ಟೆ. ಎಲ್ಲವನ್ನೂ ಹೇಳಿದೆ. ರುದ್ರಮೂರ್ತಿಯವರು ಕನ್ನಡಕ ಏರಿಸಿ ನೋಡಿ, ಕಣ್ಣಿಗೊತ್ತಿಕೊಂಡರು!

“ಗೌರಮ್ಮನೋರೇ, ಇನ್ನೂ ದೊಡ್ಡ ಪವಾಡ ಇದು. ಸ್ವಾಮಿ ಹೂವು ಎಂಜಿನ್ ಒಳಗೆ ಕೂತು ನಿಮ್ಮನ್ನ ಕಾಪಾಡಿದೆ. ಮುಂದಿನ ಸಂಚಿಕೆಗೆ ಹಾಕೋಣ” ಎಂದರು.

“ಕಾಪಾಡಿದ್ದು ಹೂವಲ್ಲ ಸ್ವಾಮೀ. ಹೂವು ಕೊಲ್ಲೋಕೆ ಹೊರಟಿತ್ತು. ಕಾಪಾಡೋಕೆ ಅಂತ ಹತ್ತಿದ ದೀಪದ ಕುತ್ತಿಗೆನ ನೀವೆಲ್ಲ ಸೇರಿ ಹಿಸುಕಿದ್ರಿ. ಹಾಕೋದಾದ್ರೆ ಅದನ್ನ ಹಾಕಿ” ಎಂದೆ. ಬಸವರಾಜು ಚಪ್ಪಲಿ ಹಾಕಿಕೊಂಡು ಹೊರಗೆ ಹೋದ. ಅವನು ಇವತ್ತಿನವರೆಗೂ ನನ್ನ ಹತ್ತಿರ ತಪ್ಪಾಯ್ತು ಎಂದಿಲ್ಲ. ಕೆಲವರು ನಾನು ದೇವರ ಹೂವಿಗೆ ಅವಮಾನ ಮಾಡಿದೆ ಎಂದು ಮಾತು ಬಿಟ್ಟಿದ್ದಾರೆ. ಬಿಡಲಿ. ಯಜಮಾನರು ಚೆನ್ನಾಗಿದ್ದಾಗ ಅವರ ತಾಳ ಕೇಳಲು ಮಾತ್ರ ಇವರೇ ಮುಂದೆ ಬಂದು ಕೂರುತ್ತಿದ್ದರು.

ಕಾರ್ತಿಕದ ಕಡೇ ಸೋಮವಾರ ಒಬ್ಬಳೇ ಗುಡಿಗೆ ಹೋದೆ. ದೀಪ ಹತ್ತದ ಹಾಗೆ ಮಾಡಿದರೆ ಹಚ್ಚಿಸುತ್ತೇನೆಂದು ಹರಕೆ ಹೊತ್ತಿದ್ದೆನಲ್ಲ. ಹಚ್ಚಿಸಿದೆ. ಆದರೆ ಬೇರೆ ಲೆಕ್ಕಕ್ಕೆ. “ಅಪ್ಪಾ, ನಾನು ಕೇಳಿದ್ದನ್ನು ನೀನು ಕೊಡಲಿಲ್ಲ. ಕೊಟ್ಟವನು ಬಸವರಾಜು. ನೀನು ಕೊಟ್ಟದ್ದು ಆ ಕೆಂಪು ಗಿಂಡಿ. ಸಿಗ್ನಲ್ ಸಿಗ್ನಲ್ಲಿಗೂ ನೀನು ನನ್ನ ಕೈ ಹಿಡಿದು ನಿಲ್ಲಿಸಿದೆ, ನಾನು ನಿನ್ನ ಕೈಯನ್ನೇ ಕಿತ್ತುಹಾಕು ಎಂದು ನಿನ್ನ ಹತ್ತಿರವೇ ಬೇಡಿದೆ. ಆಮೇಲೂ ನೀನು ಬಿಡಲಿಲ್ಲ, ವಾರ್ಡಿನಲ್ಲಿ ನನ್ನನ್ನು ಕೂಗಿ ಕರೆದೆ” ಎಂದೆ. ಅವನ ಮುಂದೆ ತಲೆ ಇಟ್ಟು ಬಹಳ ಹೊತ್ತು ಅತ್ತೆ. ಮನುಷ್ಯರ ಮೇಲಿನ ನಂಬಿಕೆ ಅರ್ಧ ಹೋಗಿದೆ, ಅದನ್ನೂ ಸೇರಿಸಿ ಅವನ ಮೇಲೆಯೇ ಇಟ್ಟಿದ್ದೇನೆ.

ಬರುವ ವರ್ಷ ಆಯುಧಪೂಜೆಗೆ ನನ್ನ ಕಾರೂ ಬರುತ್ತದೆ. ಬಾನೆಟ್ ಮಾತ್ರ ಯಾರು ಹೇಳಿದರೂ ಎತ್ತುವುದಿಲ್ಲ.

ಈಗ ಆಸ್ಪತ್ರೆಗೆ ಹೊರಡುವ ಪ್ರತಿ ದಿನವೂ ಕೀ ತಿರುಗಿಸಿ ಒಂದು ಕ್ಷಣ ಕೈ ತಡೆಯುತ್ತೇನೆ. ಕೆಂಪು ಗಿಂಡಿ ಹೊತ್ತುತ್ತದೆ. ಅದಕ್ಕೆ ಕೈ ಮುಗಿಯುತ್ತೇನೆ. ಪಕ್ಕದ ಸೀಟಿನಿಂದ ಯಜಮಾನರು ಕೇಳುತ್ತಾರೆ, “ಹತ್ತಿತೇನೇ?”

“ಹತ್ತಿತು ಕಣ್ರೀ.”

“ಸರಿ, ಹೊರಡು.”